ವೀಣೆಗೆ ಮೇಳ ಕಟ್ಟುವ ಕೆಲಸ

ಬಿರಡೆ ಕೂತು, ಕುದುರೆ ಏರಿ, ತಂತಿ ಬಿಗಿದ ಮೇಲೂ ಹೊಸ ವೀಣೆ ನುಡಿಸಲು ಬರುವುದಿಲ್ಲ. ಅದಕ್ಕೆ ಮೇಳ ಕಟ್ಟಬೇಕು, ಅಂದರೆ ದಂಡಿಯ ಮೇಲೆ ಮೇಣದಲ್ಲಿ ಸ್ವರದ ಮೆಟ್ಟಿಲುಗಳನ್ನು ಕೂರಿಸಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದ ಹಲಸಿನ ವೀಣೆಯಿರಲಿ, ಬೀಟೆ ಮರದ್ದಿರಲಿ, ಅದರ ಶ್ರುತಿಶುದ್ಧಿ ತೀರ್ಮಾನವಾಗುವುದು ಇಲ್ಲೇ.

ಜೇನುಮೇಣವನ್ನು ಕಾಯಿಸಿ, ಮಸಿ ಬೆರೆಸಿ ನಾದುತ್ತಾರೆ. ಆ ಕಪ್ಪು ಮೇಣ ದಂಡಿಯ ಎರಡೂ ಅಂಚಿನಲ್ಲಿ ಉದ್ದಕ್ಕೂ ಗೋಡೆಯಂತೆ ಕೂರುತ್ತದೆ. ಅದರ ಮೇಲೆ ಅಡ್ಡಲಾಗಿ 24 ಲೋಹದ ಮೆಟ್ಟಿಲು. ತಂತಿಯ ಉದ್ದ 80 ಸೆಂ.ಮೀ. ಎಂದಿಟ್ಟುಕೊಂಡರೆ ಮೊದಲ ಮೆಟ್ಟಿಲು ಮೇರುವಿನಿಂದ (ಬಿರಡೆಯ ಕಡೆ ತಂತಿ ಆತುಕೊಳ್ಳುವ ಪಟ್ಟಿ) ಸುಮಾರು ನಾಲ್ಕೂವರೆ ಸೆಂ.ಮೀ. ದೂರ, ಕೊನೆಯ ಎರಡರ ನಡುವೆ ಉಳಿಯುವುದು ಒಂದು ಸೆಂ.ಮೀ.ಗಿಂತ ತುಸು ಹೆಚ್ಚು. ಹನ್ನೆರಡನೆಯದು ತಂತಿಯ ನಡುಮಧ್ಯಕ್ಕೆ ಬರುತ್ತದೆ.

ಹಾಗಾದರೆ ಅಳತೆಪಟ್ಟಿ ಹಿಡಿದು ಜೋಡಿಸಿದರೆ ಸಾಲದೆ? ಸಾಲದು. ಬೆರಳು ಒತ್ತಿದಾಗ ತಂತಿ ಚೂರು ಬಿಗಿಯಾಗಿ ಸ್ವರ ಮೇಲೇರುತ್ತದೆ. ಎಷ್ಟು ಏರುತ್ತದೆ ಎಂಬುದು ತಂತಿಯ ದಪ್ಪ, ಮೆಟ್ಟಿಲಿನ ಎತ್ತರಗಳನ್ನು ಅವಲಂಬಿಸಿದೆ. ಸಾಲದ್ದಕ್ಕೆ ಒಂದೇ ಮೆಟ್ಟಿಲು ನಾಲ್ಕು ತಂತಿಗಳಿಗೂ ಒಪ್ಪಬೇಕು. ಪಂಚಮದ ತಂತಿಯನ್ನು ಐದನೇ ಮೆಟ್ಟಿಲಲ್ಲಿ ಒತ್ತಿ ಮೀಟಿ, ಕೂಡಲೇ ಮೊದಲ ತಂತಿಯಾದ ಸಾರಣಿಯನ್ನು ಒತ್ತದೆ ಮೀಟುತ್ತಾರೆ. ಎರಡೂ ಒಂದೇ ಷಡ್ಜವಾಗಿ ಕೇಳಬೇಕು. ಕೇಳದಿದ್ದರೆ ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಮೀಟುವುದು. ಐದು ಸರಿಹೋಯಿತೆಂದು ಏಳಕ್ಕೆ ಬಂದರೆ ಅಲ್ಲಿ ಇನ್ನೊಂದು ತಂತಿಯ ತಕರಾರು! ಎತ್ತರವೂ ಹದವಾಗಿರಬೇಕು, ಒಂದು ಮೆಟ್ಟಿಲು ತುಸು ಎದ್ದರೂ ಅದರ ಹಿಂದಿನದನ್ನು ಒತ್ತಿದಾಗ ತಂತಿ ಇದಕ್ಕೆ ತಾಗಿ ಜರ್ರೆನ್ನುತ್ತದೆ. ತಂತಿಯನ್ನು ಪಕ್ಕಕ್ಕೆಳೆದು ಗಮಕ ತೆಗೆಯುವ ವಾದ್ಯವಿದು, ಆ ಎಳೆತದಲ್ಲೂ ನಾದ ಕೆಡಬಾರದು. ಇಷ್ಟು ತಾಳ್ಮೆ ನನಗಂತೂ ಬೆರಗು.

ಮೆಟ್ಟಿಲುಗಳು ಹೀಗೆ ಕದಲುವುದು ಹೊಸದೇನಲ್ಲ. ಹದಿನೇಳನೇ ಶತಮಾನದಲ್ಲಿ, ಕನ್ನಡ ಮನೆತನದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ ತನ್ನ ‘ಚತುರ್ದಂಡಿಪ್ರಕಾಶಿಕೆ’ ಎಂಬ ಸಂಗೀತಗ್ರಂಥದಲ್ಲಿ ಏಕರಾಗಮೇಳ, ಸರ್ವರಾಗಮೇಳ ಎಂಬ ಎರಡು ಬಗೆಯ ವೀಣೆಗಳನ್ನು ವಿವರಿಸಿದ್ದಾನೆ. ಮೊದಲನೆಯದರಲ್ಲಿ ರಾಗ ಬದಲಾದರೆ ಮೆಟ್ಟಿಲುಗಳನ್ನೂ ಸರಿಸಬೇಕಿತ್ತು. ಇಂದು ಬಳಕೆಯಲ್ಲಿರುವುದು ಎರಡನೆಯದು, ಎಲ್ಲ ರಾಗಗಳಿಗೂ ಒಂದೇ ಮೇಳ.

ಮೇಣವೇ ಏಕೆ, ಗಟ್ಟಿಯಾಗಿ ಅಂಟಿಸಬಾರದೆ ಎಂದು ಕೇಳುವವರುಂಟು. ತಂತಿ ಉಜ್ಜಿ ಉಜ್ಜಿ ಮೆಟ್ಟಿಲಿನಲ್ಲಿ ಗೀರು ಬೀಳುತ್ತದೆ, ಬೇಸಿಗೆಗೆ ಮೇಣ ಮೆತ್ತಗಾಗಿ ಸ್ವರ ಜಾರುತ್ತದೆ. ಆಗ ಮೆಟ್ಟಿಲುಗಳನ್ನು ಬಿಡಿಸಿ, ಗೀರು ಅರದಿಂದ ಉಜ್ಜಿ, ದಂಡಿಗೆ ಪೆಟ್ಟಾಗದಂತೆ ಹೊಸದಾಗಿ ಮೇಳ ಕಟ್ಟಬಹುದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ವೀಣೆ ಬಿಟ್ಟು ಹೋದವರಿಗೆ ಈ ಕೆಲಸ ಸ್ವಲ್ಪ ಬೇಗನೇ ಬರುತ್ತದೆ.