ಗಾಲ್ ಬ್ಲಾಡರ್ ಎಂಬ ನೆಪ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರಿಗೆ ಒದಗಿಬರುವ ನೆಪಗಳಲ್ಲಿ ಅತ್ಯಂತ ಅನುಕೂಲದ್ದು ‘ಗಾಲ್ ಬ್ಲಾಡರ್‌ನಲ್ಲಿ ಕಲ್ಲಾಗಿತ್ತು, ತೆಗೆಸಿದೆ’ ಎನ್ನುವುದು. ಎರಡೂ ಲ್ಯಾಪ್ರೋಸ್ಕೋಪಿ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ಗಾಯದ ಗುರುತು, ಕೆಲವು ದಿನ ಆಸ್ಪತ್ರೆ, ಆಮೇಲೆ ಒಂದಿಷ್ಟು ರಜೆ. ಪಥ್ಯದಲ್ಲಿದ್ದೇನೆ ಎಂದರೆ ಯಾರೂ ಕೆದಕುವುದಿಲ್ಲ. ತಮಾಷೆಯೆಂದರೆ ಈ ಸುಳ್ಳು ಒಮ್ಮೊಮ್ಮೆ ನಿಜವಾಗಿಬಿಡುತ್ತದೆ. ತೂಕ ರಭಸದಿಂದ ಇಳಿಯುವಾಗ ಪಿತ್ತರಸದಲ್ಲಿ ಕೊಲೆಸ್ಟರಾಲ್ ಹೆಚ್ಚುತ್ತದೆ, ಊಟ ಕಡಿಮೆಯಾದ್ದರಿಂದ ಗಾಲ್ ಬ್ಲಾಡರ್ ಸರಿಯಾಗಿ ಖಾಲಿಯಾಗುವುದಿಲ್ಲ, ಕಲ್ಲು ಕಟ್ಟುತ್ತದೆ. ಅನೇಕ ಸರ್ಜನ್‌ಗಳು ಮೊದಲ ಆರು ತಿಂಗಳು ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಬರೆಯುವುದು ಇದನ್ನು ತಡೆಯಲೆಂದೇ. ಹಾಗೊಂದು ಕಲ್ಲು ನಡುರಾತ್ರಿ ಸಿಕ್ಕಿಕೊಂಡಾಗ, ಎಮರ್ಜೆನ್ಸಿಗೆ ಕರೆದೊಯ್ದ ಭಾವಮೈದ ‘ಗಾಲ್ ಬ್ಲಾಡರ್ ಹೋದ ವರ್ಷವೇ ತೆಗೆಸಿದ್ದಾರೆ ಡಾಕ್ಟ್ರೇ’ ಎಂದು ಪೂರ್ತಿ ನಂಬಿಕೆಯಿಂದ ಹೇಳುತ್ತಾನೆ. ಸ್ಕ್ಯಾನ್ ಮಾಡಿದರೆ ನಿಜ ತಿಳಿಯುತ್ತದೆ, ಸರಿ. ಅಲ್ಲಿಯವರೆಗೆ ವೈದ್ಯರು ಬೇರೆಲ್ಲೋ ಹುಡುಕುತ್ತಿರುತ್ತಾರೆ.

ಹಾಗೆಂದು ಗುಟ್ಟು ಮಾಡುವವರನ್ನು ನಾನು ದೂರುವುದಿಲ್ಲ. ಅವರಿಗೆ ಕಾರಣಗಳಿವೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡ ಸುದ್ದಿ ದಿನಗಟ್ಟಲೆ ಟಿವಿಯಲ್ಲಿ ಓಡಿತು. ಅದು ಚರ್ಮದಡಿಯ ಕೊಬ್ಬನ್ನು ತೆಗೆಯುವ ಚಿಕಿತ್ಸೆ. ಜಠರವನ್ನು ಕಿರಿದು ಮಾಡುವ ಬೇರಿಯಾಟ್ರಿಕ್ ಸರ್ಜರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಸುದ್ದಿ ನೋಡಿದ ಅಮ್ಮನಿಗೆ ಎರಡೂ ಒಂದೇ. ಅನುಭವವಿರುವ ಕೇಂದ್ರಗಳಲ್ಲಿ ಈ ಆಪರೇಷನ್ನಿನ ಸಾವಿನ ಅಪಾಯ ಸಾವಿರಕ್ಕೆ ಒಂದರ ಆಸುಪಾಸಿನಲ್ಲಿದೆ, ಹೆಚ್ಚುಕಡಿಮೆ ಆ ಗಾಲ್ ಬ್ಲಾಡರ್ ಆಪರೇಷನ್ನಿನಷ್ಟೇ ಎಂದು ಅಮ್ಮನಿಗೆ ಒಪ್ಪಿಸುವುದು ಹೇಗೆ?

ಎರಡನೆಯ ಕಾರಣ ಮೂದಲಿಕೆ. ‘ಬಾಯಿ ಕಟ್ಟೋಕಾಗ್ಲಿಲ್ಲ, ಹೊಟ್ಟೆ ಕೊಯ್ಸಿಕೊಂಡ್ಲು.’ ಇದು ನಮ್ಮೂರಿನ ನಾಲಿಗೆಗೆ ಮಾತ್ರ ಸೇರಿದ್ದಲ್ಲ. ಆಸ್ಟ್ರೇಲಿಯಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಅಷ್ಟೇ ತೂಕ ಇಳಿಸಿದವರ ಪೈಕಿ ಆಪರೇಷನ್ ಮಾಡಿಸಿಕೊಂಡವರನ್ನು ಜನ ಹೆಚ್ಚು ಸೋಮಾರಿಗಳೆಂದು ಎಣಿಸಿದರು. ವ್ಯಾಯಾಮ, ಪಥ್ಯ ಮಾಡಿದವರಿಗೆ ಸಿಕ್ಕ ಮೆಚ್ಚುಗೆ ಇವರಿಗೆ ಸಿಗಲಿಲ್ಲ. ಅಮೆರಿಕದ ಟಿವಿ ನಿರೂಪಕಿ ಸ್ಟಾರ್ ಜೋನ್ಸ್ 2003ರಲ್ಲಿ ಜಠರದ ಬೈಪಾಸ್ ಮಾಡಿಸಿಕೊಂಡು ಅದನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದು 2007ರಲ್ಲಿ. ನ್ಯೂಜೆರ್ಸಿಯ ಗವರ್ನರ್ ಆಗಿದ್ದ ಕ್ರಿಸ್ ಕ್ರಿಸ್ಟಿ 2013ರ ಫೆಬ್ರುವರಿಯಲ್ಲಿ ಸುಳ್ಳು ಹೆಸರಿನಲ್ಲಿ ಆಸ್ಪತ್ರೆ ಸೇರಿ ಜಠರಕ್ಕೆ ಪಟ್ಟಿ ಹಾಕಿಸಿಕೊಂಡರು. ಮೇ ತಿಂಗಳಲ್ಲಿ ಪತ್ರಿಕೆಗೆ ಸುದ್ದಿ ಸಿಕ್ಕಿತು. ನಮ್ಮಲ್ಲಿ ಅರುಣ್ ಜೇಟ್ಲಿ ಹಣಕಾಸು ಸಚಿವರಾಗಿದ್ದಾಗಲೇ, 2014ರ ಸೆಪ್ಟೆಂಬರಿನಲ್ಲಿ ಈ ಆಪರೇಷನ್ ಮಾಡಿಸಿಕೊಂಡರು. ಬಹುಕಾಲದ ಮಧುಮೇಹದಿಂದ ಏರಿದ ತೂಕಕ್ಕಾಗಿ ಎಂಬ ವಿವರಣೆ ಹೊರಬಂತು. ಸಕ್ಕರೆ ಕಾಯಿಲೆಯ ಹೆಸರು ಹೇಳಿದರೆ ಮೂದಲಿಕೆಯ ಮೊನೆ ಅರ್ಧ ಮೊಂಡಾಗುತ್ತದೆ ಎಂಬುದು ಗಮನಿಸಬೇಕಾದ ಸಂಗತಿ.

ಸೋಮಾರಿಗಳ ಅಡ್ಡದಾರಿ ಎಂಬ ಈ ತೀರ್ಪು ಶರೀರಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ಊಟ ಬಿಟ್ಟು ತೂಕ ಇಳಿಸಿದವರ ದೇಹ ಅದನ್ನು ಬರಗಾಲವೆಂದೇ ತಿಳಿಯುತ್ತದೆ. 2011ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಐವತ್ತು ಮಂದಿಗೆ ಹತ್ತು ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದರು. ವರ್ಷ ಕಳೆದ ಮೇಲೂ ಅವರ ರಕ್ತದಲ್ಲಿ ಹಸಿವೆ ಹುಟ್ಟಿಸುವ ಹಾರ್ಮೋನು ಮೊದಲಿಗಿಂತ ಹೆಚ್ಚಿತ್ತು, ತೃಪ್ತಿ ಕೊಡುವವು ಕಡಿಮೆಯಿದ್ದವು. ಹಟ ಸಡಿಲಾಯಿತು ಎಂದು ನಾವು ಆಡಿಕೊಳ್ಳುವ ಹೊತ್ತಿನಲ್ಲಿ ಆ ಮನುಷ್ಯ ವರ್ಷದಿಂದ ನಿಜವಾಗಿಯೂ ಹಸಿದಿರುತ್ತಾನೆ. ಸ್ಲೀವ್ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆಯನ್ನು ಉಳಿಸುತ್ತಾರೆ. ಹೊರಗೆ ಹೋಗುವ ಭಾಗದಲ್ಲಿ ಜಠರದ ಮೇಲಿನ ಉಬ್ಬೂ ಸೇರಿರುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದ ಘ್ರೆಲಿನ್ ಎಂಬ ಹಸಿವೆಯ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಅಲ್ಲಿಯೇ. ಜೊತೆಗೆ ಆಹಾರ ಬೇಗನೆ ಕರುಳು ತಲುಪುವುದರಿಂದ ಜಿಎಲ್‌ಪಿ-1 ಮುಂತಾದ, ‘ಸಾಕು’ ಎನ್ನುವ ಹಾರ್ಮೋನುಗಳು ಏರುತ್ತವೆ. ಅಂದರೆ ಆಪರೇಷನ್ ಹಟದ ಬದಲಿಗೆ ಹಸಿವೆಯನ್ನೇ ತಿದ್ದುತ್ತದೆ. ಇಷ್ಟನ್ನು ತಿಳಿಸಿ ಹೇಳುವ ತಾಳ್ಮೆ ಎಲ್ಲರಿಗೂ ಇರಬೇಕಿಲ್ಲ. ಮದುವೆ ಮನೆಯಲ್ಲಿ ಪಕ್ಕದ ಎಲೆಯವರಿಗೆ ಘ್ರೆಲಿನ್ ಪಾಠ ಮಾಡುವುದು ಯಾರ ಕರ್ತವ್ಯವೂ ಅಲ್ಲ.

ಆದರೆ ಕೆಲವರಿಗೆ ಹೇಳದೆ ವಿಧಿಯಿಲ್ಲ. ಅವರು ಯಾರೆಂಬುದನ್ನು ಬಾಂಧವ್ಯಕ್ಕಿಂತ ಜಠರವೇ ಹೆಚ್ಚು ನಿರ್ಧರಿಸುತ್ತದೆ. ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲೇಬೇಕು. ಮೊದಲ ದಿನಗಳಲ್ಲಿ ಹೊಲಿಗೆಯ ಸಾಲು ಸೋರಿದರೆ ಜ್ವರ, ಹೊಟ್ಟೆನೋವು, ಇಳಿಯದ ಎದೆಬಡಿತ ಕಾಣಿಸುತ್ತವೆ. ‘ಗ್ಯಾಸ್ ಇರಬೇಕು’ ಎಂದು ಓಮದ ನೀರು ಕೊಟ್ಟು ಮಲಗಿಸಿದರೆ ಜೀವಕ್ಕೆ ಸಂಚಕಾರ. ವಾಂತಿ ವಾರಗಟ್ಟಲೆ ನಿಲ್ಲದಿದ್ದರೆ ಥಯಮಿನ್ ಎಂಬ ವಿಟಮಿನ್ ಬರಿದಾಗಿ ಮೆದುಳಿಗೇ ಪೆಟ್ಟು ಬೀಳಬಹುದು. ಅಡುಗೆ ಮಾಡುವವರಿಗೂ ಗೊತ್ತಿದ್ದರೆ ಒಳ್ಳೆಯದು. ದಿನಕ್ಕೆ ಸುಮಾರು 60 ಗ್ರಾಂ ಪ್ರೊಟೀನ್ ಬೇಕು, ಹೊಟ್ಟೆಗೆ ಹಿಡಿಸುವುದು ಒಂದು ಸಣ್ಣ ಬಟ್ಟಲಿನಷ್ಟು. ಅನ್ನ-ಸಾರಿನಲ್ಲಿ ಆ ಲೆಕ್ಕ ಕೂಡುವುದಿಲ್ಲ.

ಮಂಡಿನೋವೆಂದು ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿ ನುಂಗುವುದು ನಮ್ಮಲ್ಲಿ ಮಾಮೂಲು. ಜಠರದ ಬೈಪಾಸ್ ಆದವರಿಗೆ ಇದು ನಿಷಿದ್ಧವೆಂದೇ ಹೇಳಬೇಕು: ಪುಟ್ಟ ಜಠರದ ಚೀಲ ಕರುಳನ್ನು ಸೇರುವ ಜಾಗದಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು. ಹತ್ತು ವರ್ಷದ ಮೇಲೆ ಬೇರೆ ಊರಿನ, ಬೇರೆ ಕಾಯಿಲೆಯ ವೈದ್ಯರಿಗೂ ಆಪರೇಷನ್ ಆಗಿದೆಯೆಂದು ಹೇಳಲೇಬೇಕು. ಹೊಸ ಆರೋಗ್ಯ ವಿಮೆಯ ಅರ್ಜಿಯಲ್ಲಿ ಮುಚ್ಚಿಟ್ಟರೆ ಮುಂದೆ ಕ್ಲೈಮ್ ತಿರಸ್ಕೃತವಾಗಬಹುದು.

ತೀರಾ ಕಷ್ಟದ ಪ್ರಶ್ನೆ ಗಂಡು-ಹೆಣ್ಣು ನೋಡುವ ಮನೆಗಳದ್ದು. ಪಿಸಿಓಡಿ, ಸ್ಥೂಲಕಾಯ ಎರಡೂ ಇದ್ದ ಹುಡುಗಿ ಮದುವೆಗೆ ಮುಂಚೆ ಆಪರೇಷನ್ ಮಾಡಿಸಿಕೊಂಡಿದ್ದರೆ, ‘ಅವರಿಗೆ ಯಾಕೆ ಹೇಳಬೇಕು, ಈಗ ಸಣ್ಣಗಿದ್ದಾಳಲ್ಲ’ ಎನ್ನುವ ಹಿರಿಯರೇ ಹೆಚ್ಚು. ತೂಕ ಇಳಿದಂತೆ ನಿಂತುಹೋಗಿದ್ದ ಅಂಡೋತ್ಪತ್ತಿ ಮರಳಿ, ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಆಪರೇಷನ್ ಆದ 12ರಿಂದ 18 ತಿಂಗಳು ಗರ್ಭ ಧರಿಸಬಾರದು ಎಂಬುದು ವೈದ್ಯರ ಸಲಹೆ. ಬೈಪಾಸ್ ಆಗಿದ್ದರೆ ಗರ್ಭನಿರೋಧಕ ಮಾತ್ರೆಯನ್ನು ನೆಚ್ಚುವಂತೆಯೂ ಇಲ್ಲ. ಬಸುರಿನಲ್ಲಿ ಮಾಡುವ ಗ್ಲೂಕೋಸ್ ಕುಡಿಸುವ ಶುಗರ್ ಪರೀಕ್ಷೆ ಇವರಿಗೆ ಬೆವರು, ತಲೆಸುತ್ತು, ಎದೆಬಡಿತ ತರಬಹುದಾದ್ದರಿಂದ ಬೇರೆ ಕ್ರಮದಲ್ಲಿ ನೋಡಬೇಕಾಗುತ್ತದೆ. ಬಿ12 ವಿಟಮಿನ್ ಹೀರಿಕೊಳ್ಳಲು ಜಠರದ ಆಮ್ಲ ಮತ್ತು ಅದೇ ಜಠರ ಸ್ರವಿಸುವ ಒಂದು ಪ್ರೊಟೀನು ಬೇಕು; ಆಪರೇಷನ್ ಆದ ಮೇಲೆ ಎರಡೂ ಕಡಿಮೆಯಾಗುತ್ತವೆ. ಮೊದಲೇ ಬಿ12 ಕಡಿಮೆಯಿರುವ ಸಸ್ಯಾಹಾರಿಗಳಲ್ಲಿ ಈ ಕೊರತೆ ತಾಯಿಯಿಂದ ಮಗುವಿಗೂ ದಾಟಬಹುದು. ಮದುವೆಯಾದ ತಿಂಗಳಿಗೇ ‘ಏನಾದರೂ ವಿಶೇಷವೇ?’ ಎಂದು ಕೇಳುವ ಮನೆಗೆ ಈ ಗುಟ್ಟನ್ನು ಹೊತ್ತುಕೊಂಡು ಹೋಗುವುದು ಹುಡುಗಿಗೆ ಶಿಕ್ಷೆ. ಹುಡುಗನಿಗೆ ನಿಶ್ಚಿತಾರ್ಥಕ್ಕೆ ಮುಂಚೆಯೇ ಹೇಳುವುದು ಸರಿ ಎಂದು ನನಗನ್ನಿಸುತ್ತದೆ. ಅವನ ಸೋದರತ್ತೆಗೆ ಹೇಳಬೇಕಾದ್ದೇನೂ ಇಲ್ಲ.

ಉಳಿದವರ ಮಟ್ಟಿಗೆ ಹೇಳುವುದು ಬಿಡುವುದು ಅವರವರ ಇಷ್ಟ. ಒಂದು ಕಡೆ ಮಾತ್ರ ನನ್ನ ತಕರಾರಿದೆ. ‘ಹೇಗೆ ಸಣ್ಣಗಾದ್ರಿ ಆಂಟಿ?’ ಎಂದು ತಾನೂ ದಪ್ಪಗಿರುವ ಹುಡುಗಿ ಕೇಳಿದಾಗ ‘ಬೆಳಿಗ್ಗೆ ಬಿಸಿನೀರು, ದಿನಾ ಒಂದು ಗಂಟೆ ವಾಕಿಂಗ್’ ಎಂದು ಉತ್ತರಿಸುವುದು. ಆ ಹುಡುಗಿ ನಾಳೆಯಿಂದ ನಡೆಯುತ್ತಾಳೆ, ಬಿಸಿನೀರು ಕುಡಿಯುತ್ತಾಳೆ, ಆರು ತಿಂಗಳಲ್ಲಿ ಎರಡು ಕಿಲೋ ಇಳಿದು ತನ್ನನ್ನೇ ಶಪಿಸಿಕೊಳ್ಳುತ್ತಾಳೆ. ‘ಡಾಕ್ಟ್ರ ಹತ್ರ ಟ್ರೀಟ್‌ಮೆಂಟ್ ತಗೊಂಡೆ, ನೀನೂ ಒಮ್ಮೆ ತೋರಿಸು’ ಎಂದರೆ ಗುಟ್ಟೂ ಉಳಿಯುತ್ತದೆ, ಆಕೆಗೆ ದಾರಿಯೂ ಸಿಗುತ್ತದೆ.

2025ರಲ್ಲಿ ಮೌಂಜಾರೊ, ವೆಗೋವಿ ಎಂಬ ತೂಕ ಇಳಿಸುವ ಇಂಜೆಕ್ಷನ್‌ಗಳು ನಮ್ಮ ಮಾರುಕಟ್ಟೆಗೆ ಬಂದ ಮೇಲೆ ಕೇಳುವವರ ಪ್ರಶ್ನೆಯೂ ಬದಲಾಗಿದೆ. ಯಾರಾದರೂ ಸಣ್ಣಗಾದರೆ ‘ಇಂಜೆಕ್ಷನ್ನಾ?’ ಎನ್ನುತ್ತಾರೆ. ಅವೂ ಅದೇ ಜಿಎಲ್‌ಪಿ-1ರ ಕೆಲಸವನ್ನು ಹೊರಗಿನಿಂದ ಮಾಡುವ ಔಷಧಿಗಳೇ. ಅವನ್ನು ತೆಗೆದುಕೊಳ್ಳುವವರೂ ಗುಟ್ಟು ಮಾಡುತ್ತಾರೆ. ಆ ಔಷಧಿ ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುವುದರಿಂದ, ರಾತ್ರಿಯಿಡೀ ಉಪವಾಸವಿದ್ದರೂ ಹೊಟ್ಟೆಯಲ್ಲಿ ಊಟ ಉಳಿದಿದ್ದು, ಆಪರೇಷನ್ ಟೇಬಲ್ಲಿನ ಮೇಲೆ ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿರುತ್ತದೆ. ಬೇರಾರಿಗೂ ಹೇಳದಿದ್ದರೂ ಅರಿವಳಿಕೆ ಕೊಡುವ ವೈದ್ಯರಿಗೆ ಹೇಳಬೇಕು, ಅದು ನಿಜವಾಗಿಯೂ ಗಾಲ್ ಬ್ಲಾಡರ್ ಆಪರೇಷನ್ನೇ ಆಗಿದ್ದರೂ.