ಎಪ್ಪತ್ತೈದು ನಿಮಿಷದ ಮಗ್ಗಿ

2025ರ ಆಗಸ್ಟ್ 10ರಂದು ಬೆಂಗಳೂರಿನ ಹಳದಿ ಮೆಟ್ರೊ ಮಾರ್ಗ ಉದ್ಘಾಟನೆಯಾದಾಗ ಅದರ ಬಳಿ ಇದ್ದದ್ದು ಮೂರೇ ಮೂರು ರೈಲು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿ.ಮೀ., ನಡುವೆ ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ. ಒಟ್ಟು 16 ನಿಲ್ದಾಣ. ರೈಲು ಮಾತ್ರ 25 ನಿಮಿಷಕ್ಕೊಂದು. ಕಣ್ಣೆದುರೇ ಬಾಗಿಲು ಮುಚ್ಚಿತೋ, ಕೆಳಗಿಳಿದು ಬೈಟು ಕಾಫಿ ಕುಡಿದು ನಿಧಾನಕ್ಕೆ ಮೆಟ್ಟಿಲು ಹತ್ತಿದರೂ ಮುಂದಿನ ರೈಲು ಸಿಗುತ್ತಿತ್ತು.

ಸೆಪ್ಟೆಂಬರಿನಲ್ಲಿ ನಾಲ್ಕನೆಯ ರೈಲು ಬಂತು, ಅಂತರ 19 ನಿಮಿಷಕ್ಕಿಳಿಯಿತು. ನವೆಂಬರಿನಲ್ಲಿ ಐದನೆಯದು ಬಂತು, 15ಕ್ಕಿಳಿಯಿತು. ಈಗ ಮಗ್ಗಿ ಹೇಳಿ ನೋಡಿ. ಮೂರು ಇಪ್ಪತ್ತೈದಲ ಎಪ್ಪತ್ತೈದು. ನಾಲ್ಕು ಹತ್ತೊಂಬತ್ತಲ ಎಪ್ಪತ್ತಾರು. ಐದು ಹದಿನೈದಲ ಮತ್ತೆ ಎಪ್ಪತ್ತೈದು! ಒಂದು ರೈಲು ಹೋಗಿ, ತಿರುಗಿ, ಹೊರಟಲ್ಲಿಗೇ ಬಂದು ನಿಲ್ಲಲು ಹಿಡಿಯುವ ಹೊತ್ತು ಅದು. ಅದನ್ನು ರೈಲುಗಳ ಸಂಖ್ಯೆಯಿಂದ ಭಾಗಿಸಿದರೆ ಎರಡು ರೈಲುಗಳ ನಡುವಿನ ಅಂತರ ಸಿಗುತ್ತದೆ.

ಯಾವ ಹೊತ್ತಿಗೋ ನಿಲ್ದಾಣಕ್ಕೆ ಬರುವವರು ಸರಾಸರಿ ಈ ಅಂತರದ ಅರ್ಧದಷ್ಟು ಕಾಯುತ್ತಾರೆ. ಮೂರು ರೈಲಿದ್ದಾಗ ಹನ್ನೆರಡೂವರೆ ನಿಮಿಷ, ಐದಿದ್ದಾಗ ಏಳೂವರೆ. ಐದು ನಿಮಿಷ ಉಳಿಯಿತು, ಅಷ್ಟೇ ತಾನೆ? ದಿನಕ್ಕೆ ಒಂದು ಲಕ್ಷ ಜನ ಹತ್ತುತ್ತಾರೆಂದು ಹಿಡಿಯೋಣ. ಐದು ಲಕ್ಷ ನಿಮಿಷ ಎಂದರೆ 347 ದಿನ. ಒಂದಂಗುಲ ಹೊಸ ಹಳಿ ಹಾಕದೆ, ಎರಡೇ ರೈಲು ಸೇರಿಸಿ, ಊರು ದಿನವೂ ಹೆಚ್ಚುಕಡಿಮೆ ಒಂದು ವರ್ಷ ಉಳಿಸಿದಂತಾಯಿತು.

ಆ ಎರಡು ರೈಲು ಕೈಗೆ ಸಿಗಲು ಮಾತ್ರ ವರ್ಷಗಳೇ ಬೇಕಾದವು. ಚೀನಾದ ಸಿಆರ್‌ಆರ್‌ಸಿ ಕಂಪನಿಗೆ 2019ರಲ್ಲಿ 216 ಬೋಗಿಗಳ ಗುತ್ತಿಗೆ ಸಿಕ್ಕಿತು. ಹೆಚ್ಚಿನವನ್ನು ಭಾರತದಲ್ಲೇ ಕಟ್ಟಬೇಕಿದ್ದರಿಂದ ಪಶ್ಚಿಮ ಬಂಗಾಳದ ಟಿಟಾಗಢ ಕಂಪನಿ ಜೊತೆಗೂಡಿತು. ಮೊದಲ ರೈಲು ಬೆಂಗಳೂರು ತಲುಪಿದ್ದು 2024ರ ಫೆಬ್ರುವರಿಯಲ್ಲಿ. ಮದುವೆ ಚಪ್ಪರ ಸಿದ್ಧವಾಗಿ ಗಂಡಿನ ಕಡೆಯವರೇ ಬಾರದಂತೆ, ಕಂಬ, ಸೇತುವೆ, ಹಳಿ ಎಲ್ಲ ಎದ್ದುನಿಂತು ರೈಲಿಗಾಗಿ ಕಾದವು.

ಈ ಮಾರ್ಗದ ಪಾಲು 15 ರೈಲು. ಅಷ್ಟೂ ಓಡಿದಾಗ ಅಂತರ ಐದು ನಿಮಿಷ. ಆಗ ಮೂರು ರೈಲಿದ್ದ ಕಾಲಕ್ಕಿಂತ ಸರಾಸರಿ ಹತ್ತು ನಿಮಿಷ ಉಳಿದು, ಲಕ್ಷ ಜನರ ಉಳಿತಾಯ ದಿನಕ್ಕೆ 694 ದಿನ. ಆದರೆ ಮಗ್ಗಿಗೂ ಒಂದು ಜಿಪುಣತನವಿದೆ. ನಾಲ್ಕನೆಯ ರೈಲು ಒಂದೇ ಏಟಿಗೆ ಆರು ನಿಮಿಷ ಇಳಿಸಿತು. ಹದಿನೈದನೆಯದು ಇಳಿಸುವುದು ಬರೀ 21 ಸೆಕೆಂಡು. ಅಲ್ಲಿಂದಾಚೆ ರೈಲು ಸೇರಿಸುವುದು ಬೋಗಿಯೊಳಗೆ ಉಸಿರಾಡಲು ಜಾಗಕ್ಕಾಗಿಯೇ ಹೊರತು ಹೊತ್ತಿಗಾಗಿ ಅಲ್ಲ.

ಹೊತ್ತು ಬೇಕಿದ್ದರೆ ಮೆಟ್ಟಿಲ ಕೆಳಗೆ ಹುಡುಕಬೇಕು. ಮೇಲೆ ರೈಲು ಉಳಿಸಿಕೊಟ್ಟ ಹತ್ತು ನಿಮಿಷವನ್ನು ಕೆಳಗೆ ಫೀಡರ್ ಬಸ್ಸಿಗೆ ಹತ್ತು ನಿಮಿಷ ಹೆಚ್ಚು ಕಾದರೆ ಅಲ್ಲೇ ಹಿಂದಿರುಗಿಸಿದ ಹಾಗೆ. ಅರ್ಧ ಗಂಟೆಗೊಂದು ಬರುವ ಫೀಡರ್ ಬಸ್ಸಿಗೆ ಇನ್ನೊಂದು ಬಸ್ ಜೊತೆಯಾದರೆ ಸರಾಸರಿ ಕಾಯುವಿಕೆ ಏಳೂವರೆ ನಿಮಿಷ ತಗ್ಗುತ್ತದೆ. ಹದಿನೈದನೆಯ ರೈಲಿನ ಆರು ಬೋಗಿ ಸೇರಿ ಸರಾಸರಿ ಕಾಯುವಿಕೆಯಲ್ಲಿ ಉಳಿಸುವುದು ಬರೀ ಹನ್ನೊಂದು ಸೆಕೆಂಡು.