ನೀರು ಶುದ್ಧೀಕರಿಸುವವರ ಅರ್ಹತೆ ನೋಡುವವರಿಲ್ಲ

ರಾಯಚೂರು: ಮನೆಗೆ ವಿದ್ಯುತ್ ತಂತಿ ಎಳೆಯುವ ಗುತ್ತಿಗೆದಾರ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದಿರಬೇಕು. ಕೊಳವೆಬಾವಿ ಕೊರೆಯುವ ಯಂತ್ರದ ಮಾಲೀಕ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯನ್ವಯ ನೋಂದಾಯಿಸಿಕೊಳ್ಳಬೇಕು. ಆದರೆ ಅದೇ ಕೊಳವೆಬಾವಿಯ ನೀರನ್ನು ಕುಡಿಯಲು ಯೋಗ್ಯವಾಗಿಸುವ ಭರವಸೆ ನೀಡಿ ಮನೆ, ಹೋಟೆಲು, ವಿದ್ಯಾರ್ಥಿನಿಲಯಗಳಲ್ಲಿ ಆರ್‌ಒ ಘಟಕ ಅಥವಾ ಸಾಫ್ಟನರ್ ಅಳವಡಿಸುವವನ ಜ್ಞಾನವನ್ನು ಪರೀಕ್ಷಿಸಿ ನೀಡುವ ಪರವಾನಗಿ ಯಾವುದೂ ಇಲ್ಲ. ನಗರಸಭೆ, ಪುರಸಭೆಗಳು ಕೊಡುವ ವ್ಯಾಪಾರ ಪರವಾನಗಿ ಅಂಗಡಿಗೆ ಸಂಬಂಧಿಸಿದ್ದು, ಕಸುಬಿಗಲ್ಲ.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಗುತ್ತಿಗೆದಾರ ಪರವಾನಗಿ ಇದೆ. ಅದನ್ನು ಪಡೆಯುವವರು ಠೇವಣಿ ಬಾಂಡ್ ಮತ್ತು ವಿಮೆಯನ್ನೂ ಹೊಂದಿರಬೇಕು. ಅಲ್ಲಿ ಮುಖ್ಯ ಸಮಸ್ಯೆ ನೀರಿನ ಗಡಸುತನ. ರಾಯಚೂರು ಜಿಲ್ಲೆಯ ಸಮಸ್ಯೆ ಅದಕ್ಕಿಂತ ಗಂಭೀರವಾದುದು.

ಗ್ರಾನೈಟ್ ಶಿಲೆಯ ಈ ನೆಲದಲ್ಲಿ, ಅದರಲ್ಲೂ ಮಾನ್ವಿ, ದೇವದುರ್ಗ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳಲ್ಲಿ, ಫ್ಲೋರೈಡ್ ಅಂಶವಿದೆ. ಹಟ್ಟಿ ಚಿನ್ನದ ಗಣಿಯ ಆಸುಪಾಸಿನಲ್ಲಿ ಆರ್ಸೆನಿಕ್ ಸಹ ಪತ್ತೆಯಾಗಿದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ವಿನಾಯಿತಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತದೆ, ಮೂಳೆ ಸೆಟೆಯುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಸಾಫ್ಟನರ್ ಕೂಡ ಅದನ್ನು ತೆಗೆಯದು. ಅದರೊಳಗಿನ ರಾಳದ ಹರಳುಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ, ಅಷ್ಟೆ. ಪಾತ್ರೆಯ ಬಿಳಿ ಪೊರೆ ಮಾಯವಾದುದನ್ನು ಕಂಡು ನೀರು ಶುದ್ಧವಾಯಿತೆಂದು ನಂಬಿದ ಕುಟುಂಬಕ್ಕೆ ಈ ವ್ಯತ್ಯಾಸ ತಿಳಿಸುವ ಹೊಣೆ ಯಾರದು?

ಮಾರಾಟದ ನೀರಿಗೆ ಮಾತ್ರ ಕಾನೂನಿದೆ. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ‘ಆಹಾರ’ ಎಂಬ ವ್ಯಾಖ್ಯೆಯೊಳಗೆ ಪ್ಯಾಕೇಜ್ ಮಾಡಿದ ಕುಡಿಯುವ ನೀರು ಸೇರಿರುವುದರಿಂದ ಎಫ್‌ಎಸ್‌ಎಸ್‌ಎಐ ಪರವಾನಗಿ ಕಡ್ಡಾಯ. ಜತೆಗೆ 2001ರಿಂದ ಕಡ್ಡಾಯವಾಗಿದ್ದ ಬಿಐಎಸ್ ಪ್ರಮಾಣಪತ್ರವನ್ನು 2024ರ ಅಕ್ಟೋಬರ್‌ನಲ್ಲಿ ಕೈಬಿಡಲಾಯಿತು; ಮರು ತಿಂಗಳೇ ಈ ನೀರನ್ನು ‘ಅಧಿಕ ಅಪಾಯ’ದ ಆಹಾರವೆಂದು ವರ್ಗೀಕರಿಸಲಾಯಿತು. ಆದರೆ ಮುದ್ರೆಯಿಲ್ಲದ ಕ್ಯಾನ್‌ಗೆ ನಲ್ಲಿಯಿಂದ ತುಂಬಿಸಿ ಕೊಡುವ ನೀರು ‘ಪ್ಯಾಕೇಜ್’ ಅಲ್ಲ ಎಂಬ ವಾದದಡಿ ಬೀದಿ ಬದಿಯ ಘಟಕಗಳು ನುಸುಳಿಕೊಳ್ಳುತ್ತವೆ. ಬಡಾವಣೆಗಳಲ್ಲಿ ಹೆಚ್ಚು ಖರ್ಚಾಗುವುದು ಈ ಕ್ಯಾನ್ ನೀರೇ.

2022ರಲ್ಲಿ ರಾಯಚೂರು ನಗರದ ನಲ್ಲಿ ನೀರು ಕಲುಷಿತಗೊಂಡು ಸಾವುಗಳು ಸಂಭವಿಸಿದವು. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ವಾಂತಿಭೇದಿ ಹರಡಿ ಮಗುವೊಂದು ಅಸುನೀಗಿತು. ಇಂತಹ ಘಟನೆಗಳ ಬಳಿಕ ಜನ ಯಂತ್ರದತ್ತ, ಕ್ಯಾನ್‌ನತ್ತ ತಿರುಗುವುದು ಸಹಜವೇ.

ಸರ್ಕಾರ ಗ್ರಾಮಗಳಲ್ಲಿ ಸ್ಥಾಪಿಸುವ ಶುದ್ಧ ಕುಡಿಯುವ ನೀರಿನ ಘಟಕಗಳಿಗೆ ಟೆಂಡರ್ ಇದೆ, ನಿರ್ವಹಣೆಯ ಕರಾರೂ ಇದೆ. ಆದರೂ ಕೆಟ್ಟು ನಿಂತ ಘಟಕಗಳ ದೂರು ರಾಜ್ಯದಲ್ಲಿ ಹೊಸದಲ್ಲ. ಇನ್ನೊಂದು ಪ್ರಶ್ನೆ ಆರ್‌ಒ ಹೊರಹಾಕುವ ನೀರಿನದು. ಶುದ್ಧ ನೀರಿನಿಂದ ಬೇರ್ಪಟ್ಟ ಫ್ಲೋರೈಡ್ ಈ ತ್ಯಾಜ್ಯದಲ್ಲಿ ಸಾಂದ್ರಗೊಂಡಿರುತ್ತದೆ. ಚರಂಡಿಗೆ ಬಿಟ್ಟರೆ ಅದು ಮತ್ತೆ ನೆಲಕ್ಕಿಳಿಯುತ್ತದೆ. ಕೇಂದ್ರ ಪರಿಸರ ಸಚಿವಾಲಯ 2023ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಗಳು ಈ ವಿಲೇವಾರಿಯನ್ನು ಕುರಿತವು, ಅಳವಡಿಸುವವನ ಅರ್ಹತೆಯನ್ನಲ್ಲ.

ಸದ್ಯಕ್ಕೆ ಗ್ರಾಹಕರಿಗೆ ಉಳಿದಿರುವುದು ಪರೀಕ್ಷೆಯೊಂದೇ. ಯಂತ್ರ ಕೊಳ್ಳುವ ಮುನ್ನ ಮೂಲ ನೀರನ್ನೂ, ಕೂರಿಸಿದ ಮೇಲೆ ಹೊರಬರುವ ನೀರನ್ನೂ ಪ್ರಯೋಗಾಲಯಕ್ಕೆ ಕಳುಹಿಸಿ ಎರಡೂ ವರದಿಗಳನ್ನು ಹೋಲಿಸಬೇಕು. ಜಲಜೀವನ್ ಮಿಷನ್ ಅಡಿ ಸರ್ಕಾರಿ ಪ್ರಯೋಗಾಲಯಗಳನ್ನು 2021ರಲ್ಲಿ ಸಾರ್ವಜನಿಕರಿಗೂ ಮುಕ್ತಗೊಳಿಸಲಾಗಿದೆ. ಮಾರಾಟಗಾರ ತೋರಿಸುವ ಟಿಡಿಎಸ್ ಮೀಟರ್‌ನ ಅಂಕಿಯನ್ನು ಮಾತ್ರ ನೆಚ್ಚಬಾರದು: ಅದು ಕರಗಿದ ಲವಣಗಳ ಒಟ್ಟು ಅಂದಾಜು ಹೇಳುತ್ತದೆಯೇ ಹೊರತು ಫ್ಲೋರೈಡ್ ಎಷ್ಟಿದೆ, ರೋಗಾಣು ಇವೆಯೇ ಎಂಬುದನ್ನು ತಿಳಿಸುವುದಿಲ್ಲ.